ಇವತ್ತಿಗೆ ಇಷ್ಟು ಸಾಕು

ಬರೆಯುವವರ ಮನಸ್ಸಿನ ಒತ್ತಡ ಇಳಿಯಲು ಏನು ಮಾಡಬೇಕು ಎಂಬುದು ಒಂದು ಪ್ರಶ್ನೆ. ಬರವಣಿಗೆ ಹೆಚ್ಚು ಸಾಗಲು ಏನು ಮಾಡಬೇಕು ಎಂಬುದು ಇನ್ನೊಂದು. ಇವೆರಡನ್ನೂ ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕೇಳುತ್ತೇವೆ. ಮೊದಲನೆಯದಕ್ಕೆ ವಿಶ್ರಾಂತಿ, ನಡಿಗೆ, ಪ್ರಾಣಾಯಾಮ ಎಂಬ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಇನ್ನಷ್ಟು ದುಡಿಮೆ, ನಿದ್ದೆಗೆಟ್ಟು ಕೂರುವುದು ಎಂಬ ಉತ್ತರ. ಒಂದು ಉತ್ತರವನ್ನು ಪಾಲಿಸಿದವರು ಇನ್ನೊಂದನ್ನು ಕೈಬಿಡಬೇಕಾಗುತ್ತದೆ. ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಎಂಬುದು ಇವತ್ತು ನಾನು ನಿಮ್ಮ ಮುಂದಿಡುವ ವಾದ. ದಿನಕ್ಕೆ ಸ್ವಲ್ಪವೇ ಬರೆಯಬೇಕು, ಗೊತ್ತಾದ ಹೊತ್ತಿಗೆ ಕೂರಬೇಕು, ಗೊತ್ತಾದ ಹೊತ್ತಿಗೆ ಏಳಬೇಕು. ಕೂರುವ ಹೊತ್ತಿನ ಬಗ್ಗೆ ಉಪದೇಶ ಕೊಟ್ಟವರು ಬೇಕಾದಷ್ಟು ಮಂದಿ ಇದ್ದಾರೆ. ಏಳುವ ಹೊತ್ತಿನ ಬಗ್ಗೆ ಹೇಳಿದವರು ಕಡಿಮೆ. ಬರಹಗಾರರ ನೆಮ್ಮದಿ ನಿಂತಿರುವುದು ಹೆಚ್ಚಾಗಿ ಈ ಏಳುವ ಹೊತ್ತಿನ ಮೇಲೆ ಎಂದು ನನಗೆ ತೋರುತ್ತದೆ.

ಈ ಒತ್ತಡ ಹುಟ್ಟುವುದು ಎಲ್ಲಿಂದ ಎಂದು ಮೊದಲು ನೋಡೋಣ. ಮಗ್ಗದ ಮುಂದೆ ಕೂತವರಿಗೆ ಸಂಜೆಯ ಹೊತ್ತಿಗೆ ಎಷ್ಟು ಗಜ ನೇಯ್ದೆವೆಂದು ಕಣ್ಣಿಗೆ ಕಾಣುತ್ತದೆ. ಕಚೇರಿಯ ಗುಮಾಸ್ತರಿಗೆ ಐದೂವರೆಗೆ ಕಡತ ಮುಚ್ಚುವ ಹಕ್ಕಿದೆ. ಬರೆಯುವವರಿಗೆ ಹಾಗೆ ದಿನದ ಕೊನೆ ಎಂಬುದಿಲ್ಲ. ಅರ್ಧಕ್ಕೆ ನಿಂತ ಕತೆ ಊಟದ ಎಲೆಯವರೆಗೂ ಬರುತ್ತದೆ, ಹಾಸಿಗೆಗೂ ಬರುತ್ತದೆ. ಎರಡು ಪುಟ ಬರೆದ ದಿನ ನಾಲ್ಕು ಬರೆಯಲಿಲ್ಲವಲ್ಲ ಎಂಬ ಕೊರಗು. ನಾಲ್ಕು ಬರೆದ ದಿನ ಅವು ಚೆನ್ನಾಗಿಲ್ಲವಲ್ಲ ಎಂಬ ಕೊರಗು. ಇಷ್ಟಾದರೆ ಸಾಕು ಎಂಬ ಮಾತೇ ಇಲ್ಲದ ಕೆಲಸದಲ್ಲಿ ಎಷ್ಟು ದುಡಿದರೂ ಬಾಕಿ ಉಳಿದೇ ಇರುತ್ತದೆ. ಇದರ ಜೊತೆಗೆ ಇನ್ನೊಂದು ಕಾಟವಿದೆ. ಒಂದು ವಾಕ್ಯ ಬರೆಯುತ್ತಿರುವಾಗಲೇ ಅದನ್ನು ತೂಗಿ, ಹಳಿದು, ಹೊಡೆದುಹಾಕುವ ಅಭ್ಯಾಸ. ಬರೆಯುವ ಮನಸ್ಸು ಮತ್ತು ವಿಮರ್ಶಿಸುವ ಮನಸ್ಸು ಒಂದೇ ಗಳಿಗೆಯಲ್ಲಿ ಲೇಖನಿಗೆ ಕೈಹಾಕಿದಾಗ ಎರಡೂ ದಣಿಯುತ್ತವೆ, ಕಾಗದ ಮಾತ್ರ ಖಾಲಿಯಾಗಿಯೇ ಇರುತ್ತದೆ.

ಮುಗಿಯದ ಕೆಲಸ ಮನಸ್ಸನ್ನು ಕಾಡುತ್ತದೆ ಎಂಬುದು ಎಲ್ಲರ ಅನುಭವ. ಮನಶ್ಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕದ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಬಹಳ ಉಪಯುಕ್ತ. ಪೂರೈಸದೆ ಉಳಿದ ಗುರಿಗಳನ್ನು ನೆನಪಿಸಿಕೊಂಡವರಿಗೆ ಮುಂದಿನ ಕೆಲಸದಲ್ಲಿ ಗಮನ ಚದುರುತ್ತಿತ್ತು. ಓದಲು ಕೊಟ್ಟ ಪುಟದ ನಡುವೆಯೂ ಆ ಉಳಿದ ಕೆಲಸವೇ ತಲೆಗೆ ಬರುತ್ತಿತ್ತು. ಆದರೆ ಆ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೇವೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡವರಲ್ಲಿ ಈ ಕಾಟ ನಿಂತುಹೋಯಿತು. ಕೆಲಸವೇನೂ ಮುಗಿದಿರಲಿಲ್ಲ, ಅದಕ್ಕೊಂದು ಹೊತ್ತು ನಿಗದಿಯಾಗಿತ್ತು ಅಷ್ಟೆ. ಬರಹಗಾರರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇರಲಾರದು. ಕಾದಂಬರಿ ಮುಗಿಯುವವರೆಗೆ ನೆಮ್ಮದಿಗಾಗಿ ಕಾಯಬೇಕಾಗಿಲ್ಲ ಎಂದಾಯಿತು. ನಾಳೆ ಆರು ಗಂಟೆಗೆ ಈ ಪ್ರಸಂಗದಿಂದ ಮುಂದುವರಿಸುತ್ತೇನೆ ಎಂದು ಒಂದು ಸಾಲು ಗುರುತುಮಾಡಿಟ್ಟು ಎದ್ದರೆ, ಇಂದಿನ ಸಂಜೆಯಾದರೂ ಮನೆಯವರಿಗೆ ಸಲ್ಲುತ್ತದೆ.

ಇದನ್ನು ಹೊರದೇಶದ ಹೊಸ ವಿದ್ಯೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಸುಮಾರು 1,100 ವರ್ಷಗಳ ಹಿಂದೆ ಕನೌಜಿನ ಪ್ರತೀಹಾರರ ಆಸ್ಥಾನದಲ್ಲಿದ್ದ ರಾಜಶೇಖರ ಎಂಬ ಕವಿ ‘ಕಾವ್ಯಮೀಮಾಂಸೆ’ ಎಂಬ ಸಂಸ್ಕೃತ ಗ್ರಂಥ ಬರೆದ. ಅಲಂಕಾರಶಾಸ್ತ್ರದ ಪುಸ್ತಕಗಳು ಕಾವ್ಯ ಹೇಗಿರಬೇಕೆಂದು ಹೇಳುತ್ತವೆ. ಈತ ಕವಿ ಹೇಗೆ ಬದುಕಬೇಕೆಂದೂ ಹೇಳುತ್ತಾನೆ. ಅವನ ಪ್ರಕಾರ ಕವಿಯ ಹಗಲು ನಾಲ್ಕು ಜಾವಗಳಾಗಿ ಹಂಚಿಹೋಗಬೇಕು. ಮೊದಲ ಜಾವ ಓದಿಗೆ. ಎರಡನೆಯದು ಕಾವ್ಯರಚನೆಗೆ. ಆಮೇಲೆ ಸ್ನಾನ, ಊಟ. ಊಟವಾದ ಮೇಲೆ ಗೆಳೆಯರೊಡನೆ ಕಾವ್ಯಗೋಷ್ಠಿ. ನಾಲ್ಕನೆಯ ಜಾವದಲ್ಲಿ ಒಬ್ಬನೇ ಅಥವಾ ಕೆಲವೇ ಮಂದಿಯೊಡನೆ ಕೂತು ಬೆಳಗಿನ ರಚನೆಯನ್ನು ಪರೀಕ್ಷಿಸಬೇಕು. ಅದಕ್ಕೆ ಅವನು ಕೊಡುವ ಕಾರಣ ಗಮನಿಸಬೇಕಾದದ್ದು: ರಸಾವೇಶದಲ್ಲಿ ಬರೆಯುತ್ತಿರುವವನಿಗೆ ವಿವೇಚಿಸುವ ಕಣ್ಣು ಇರುವುದಿಲ್ಲ, ಆದ್ದರಿಂದ ಪರೀಕ್ಷೆ ಆಮೇಲೆ ನಡೆಯಬೇಕು. ಬರೆಯುವ ಹೊತ್ತು ಬೇರೆ, ತಿದ್ದುವ ಹೊತ್ತು ಬೇರೆ. ರಾತ್ರಿಯ ನಿದ್ದೆಗೂ ಅವನು ಎರಡು ಜಾವ ಎಂದು ಲೆಕ್ಕ ಹಾಕಿಕೊಟ್ಟಿದ್ದಾನೆ. ಒಂದು ಜಾವವೆಂದರೆ ನಮ್ಮ ಮೂರು ಗಂಟೆ. ಅಂದರೆ ಸರ್ವಕಾಲವೂ ಕವಿಯಾಗಿರುವವನಿಗೂ ರಚನೆಗೆಂದು ಸಿಕ್ಕುವುದು ಹಗಲಿನ ಕಾಲು ಭಾಗ ಮಾತ್ರ.

ಅದೇ ಗ್ರಂಥದಲ್ಲಿ ರಾಜಶೇಖರ ಕವಿತ್ವಕ್ಕೆ ಎಂಟು ತಾಯಂದಿರನ್ನು ಹೇಳುತ್ತಾನೆ. ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವಾಂಸರೊಡನೆ ಮಾತುಕತೆ, ಬಹುಶ್ರುತತೆ, ನೆನಪಿನ ಗಟ್ಟಿತನ ಇವೆಲ್ಲ ಅದರಲ್ಲಿವೆ. ಇವು ಯಾರಿಗಾದರೂ ಹೊಳೆಯುವಂಥವು. ಆದರೆ ಪಟ್ಟಿಯ ಮೊದಲಿಗೆ ಅವನು ಇಟ್ಟಿರುವುದು ಸ್ವಾಸ್ಥ್ಯವನ್ನು, ಕೊನೆಗೆ ಇಟ್ಟಿರುವುದು ಅನಿರ್ವೇದವನ್ನು, ಎಂದರೆ ಮನಸ್ಸು ಕುಗ್ಗದೆ ಇರುವುದನ್ನು. ಪ್ರತಿಭೆಯೂ ಪಾಂಡಿತ್ಯವೂ ಈ ಎರಡರ ನಡುವೆ ಬರುತ್ತವೆ. ಕವಿಗೆ ನೋವೇ ಬಂಡವಾಳ, ಕೊರಗೇ ಸ್ಫೂರ್ತಿ ಎಂಬ ಮಾತು ನಮ್ಮ ಕಾಲದಲ್ಲಿ ಬಹಳ ಚಾಲ್ತಿಯಲ್ಲಿದೆ. ಆ ಮಾತಿಗೆ ಮರುಳಾಗಿ ಮೈ ಕೆಡಿಸಿಕೊಂಡ ತರುಣ ಬರಹಗಾರರು ಕಡಿಮೆಯಿಲ್ಲ. ರಾಜಶೇಖರನ ಪಟ್ಟಿ ಅವರ ಕೈಗೆ ಸಿಗಬೇಕಿತ್ತು ಎನಿಸುತ್ತದೆ.

ಕನ್ನಡದ್ದೇ ಒಂದು ಐತಿಹ್ಯವನ್ನು ಈ ಬೆಳಕಿನಲ್ಲಿ ನೋಡಬಹುದು. ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆಯುವುದು ತನ್ನ ಹೆಚ್ಚುಗಾರಿಕೆ ಎಂದು ಹೇಳಿಕೊಂಡಿದ್ದಾನೆ. ಈ ಮಾತು ನಮ್ಮ ಶಾಲೆಗಳಲ್ಲಿ ಎಷ್ಟು ಸಲ ಉಚ್ಚಾರವಾಗಿದೆಯೆಂದರೆ, ಒಳ್ಳೆಯ ಕವಿ ತಿದ್ದುವುದಿಲ್ಲ ಎಂಬ ನಂಬಿಕೆ ಅನೇಕರಲ್ಲಿ ಬೇರೂರಿದೆ. ತಮ್ಮ ಮೊದಲ ಕರಡಿನಲ್ಲಿ ಚಿತ್ತುಗಳನ್ನು ಕಂಡು ನಮಗೆ ಈ ವಿದ್ಯೆ ಒಲಿದಿಲ್ಲ ಎಂದುಕೊಳ್ಳುವವರ ಎದೆಯಲ್ಲಿ ಇಂಥ ಒಂದು ನಂಬಿಕೆ ಕೂತಿರುತ್ತದೆ. ಅದೇ ಕುಮಾರವ್ಯಾಸನ ಬಗ್ಗೆ ಗದುಗಿನ ಜನ ಹೇಳುವ ಇನ್ನೊಂದು ಕತೆಯಿದೆ. ವೀರನಾರಾಯಣನ ಗುಡಿಯ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬದ ಬಳಿ ಕೂತು, ಆ ಬಟ್ಟೆ ಆರುವವರೆಗೆ ಮಾತ್ರ ಅವನು ಪದ್ಯ ಹೇಳುತ್ತಿದ್ದನಂತೆ. ಬಟ್ಟೆ ಆರಿತೋ, ಅಂದಿನ ಕಾವ್ಯ ಮುಗಿಯಿತು. ಇದು ಐತಿಹ್ಯ, ಚರಿತ್ರೆಯಲ್ಲ. ದೇವರ ಕೃಪೆಯನ್ನು ಹೇಳಲು ಹುಟ್ಟಿದ ಕತೆ ಇದು ಎಂದೂ ನನಗೆ ಗೊತ್ತು. ಆದರೂ ಹತ್ತು ಪರ್ವಗಳ ಮಹಾಕಾವ್ಯವೊಂದು ದಿನಕ್ಕಿಷ್ಟೇ ಎಂಬ ಅಳತೆಯಲ್ಲಿ ಬೆಳೆಯಿತೆಂದು ಊಹಿಸಲು ನಮ್ಮ ಜನಕ್ಕೆ ಸಾಧ್ಯವಾಯಿತಲ್ಲ, ಅದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಐತಿಹ್ಯವನ್ನು ಬಿಟ್ಟು ದಾಖಲೆಗೆ ಬಂದರೆ, ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರೊಲೊಪ್‌ನ ಉದಾಹರಣೆ ಎದುರಾಗುತ್ತದೆ. 1834ರಲ್ಲಿ ಅಂಚೆ ಇಲಾಖೆ ಸೇರಿ 1867ರವರೆಗೆ ದುಡಿದವನು. ಬ್ರಿಟಿಷ್ ದ್ವೀಪಗಳಲ್ಲಿ ಬೀದಿಯ ಅಂಚೆಪೆಟ್ಟಿಗೆ ಬಂದದ್ದರ ಹಿಂದೆ ಅವನ ಶಿಫಾರಸು ಇತ್ತು. ಆ ನೌಕರಿಯ ಜೊತೆಯಲ್ಲೇ ಬಹುಪಾಲು ಬರೆದು, ಸಾಯುವ ಹೊತ್ತಿಗೆ 47 ಕಾದಂಬರಿಗಳನ್ನು ಬಿಟ್ಟುಹೋದ. ಬೆಳಗಿನ ಐದೂವರೆಗೆ ಮೇಜಿನ ಮುಂದಿರುತ್ತಿದ್ದ. ಎಬ್ಬಿಸಿ ಕಾಫಿ ಕೊಡುವ ಆಳಿಗೆ ಅದಕ್ಕೆಂದೇ ವರ್ಷಕ್ಕೆ 5 ಪೌಂಡು ಹೆಚ್ಚು ಸಂಬಳ. ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರಹ ಓದುವುದಕ್ಕೆ. ಆಮೇಲೆ ಎದುರಿಗೆ ಗಡಿಯಾರವಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆಯುತ್ತಿದ್ದ. ಮೂರು ಗಂಟೆ ಕಳೆದ ಮೇಲೆ ಎದ್ದು ಉಡುಪು ಧರಿಸಿ ತಿಂಡಿಗೆ ಹೋಗುತ್ತಿದ್ದ. ದಿನಕ್ಕೆ ಮೂರು ಗಂಟೆ ಬರೆದರೆ ಒಬ್ಬ ಮನುಷ್ಯ ಬರೆಯಬೇಕಾದಷ್ಟು ಬರೆದಂತೆ ಎಂಬುದು ಅವನ ತೀರ್ಮಾನ. ಅದಕ್ಕಿಂತ ಹೆಚ್ಚು ಬರೆಯಬಾರದು ಎಂಬ ಅರ್ಥವೂ ಅದರಲ್ಲಿದೆ. ಪ್ರತಿ ದಿನದ ಪುಟಗಳನ್ನು ಒಂದು ಡೈರಿಯಲ್ಲಿ ಬರೆದಿಡುತ್ತಿದ್ದ. ಇದನ್ನೆಲ್ಲ ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡ. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಅದು ಪ್ರಕಟವಾದಾಗ ಓದುಗರಿಗೆ ಹಿಡಿಸಲಿಲ್ಲ. ಗಡಿಯಾರ ನೋಡಿ ಬರೆಯುವವನು ಎಂಥ ಕಲಾವಿದ ಎಂದು ಹಲವರು ಮೂಗು ಮುರಿದರು, ಅವನ ಹೆಸರು ಸಾಕಷ್ಟು ಕಾಲ ಮಂಕಾಯಿತು. ಆದರೆ ಅವನ ಬಾರ್ಸೆಟ್‌ಶೈರ್ ಕಾದಂಬರಿಗಳು ಇಂದಿಗೂ ಅಚ್ಚಿನಲ್ಲಿವೆ, ಜನ ಇಂದಿಗೂ ಓದುತ್ತಿದ್ದಾರೆ. ಅವನ ದಿನಚರಿ ತಿಳಿಯದೆ ಓದಿದವರು ಆ ಪುಟಗಳಲ್ಲಿ ಗಡಿಯಾರದ ಸದ್ದು ಕೇಳಿಸಿತೆಂದು ದೂರಿರಲಿಲ್ಲ.

ಟ್ರೊಲೊಪ್ ಒಬ್ಬ ಅಸಾಧಾರಣ ಮನುಷ್ಯ, ಅವನ ಮಾತಿನಿಂದ ಎಲ್ಲರಿಗೂ ನಿಯಮ ಮಾಡಬಾರದು ಎಂದರೆ ಒಪ್ಪುತ್ತೇನೆ. ಸಾಧಾರಣ ಬರಹಗಾರರ ಮೇಲೆ ನಡೆದ ಪ್ರಯೋಗವೂ ಒಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್, ಬರವಣಿಗೆ ಸಾಗದೆ ಒದ್ದಾಡುತ್ತಿದ್ದ 27 ಮಂದಿ ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತುರ್ತು ಬರಹ ಬಿಟ್ಟು ಬೇರೇನನ್ನೂ ಬರೆಯಬೇಡಿ ಎಂದರು. ಇನ್ನೊಂದು ಗುಂಪಿಗೆ ಮನಸ್ಸು ಬಂದಾಗ ಬರೆಯಿರಿ ಎಂದರು. ಮೂರನೆಯ ಗುಂಪು ಮನಸ್ಸಿದ್ದರೂ ಇಲ್ಲದಿದ್ದರೂ ಗೊತ್ತಾದ ಹೊತ್ತಿಗೆ ಕೂತು ಬರೆಯಲೇಬೇಕು. ಬರೆಯದಿದ್ದರೆ ತಮಗೆ ಕಂಡರಾಗದ ಸಂಸ್ಥೆಯೊಂದಕ್ಕೆ ತಮ್ಮದೇ ಹಣ ಹೋಗುತ್ತದೆ ಎಂಬ ಕಟ್ಟುಪಾಡು. 1983ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಮೊದಲ ಗುಂಪಿನವರು ದಿನಕ್ಕೆ ಸರಾಸರಿ 0.2 ಪುಟ ಬರೆದರು, ಮನಸ್ಸು ಬಂದಾಗ ಬರೆದವರು 0.9 ಪುಟ, ಕಟ್ಟುಪಾಡಿನವರು 3.2 ಪುಟ. ಪುಟಗಳು ಹೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಹೊಸ ಆಲೋಚನೆಗಳ ಲೆಕ್ಕದಲ್ಲಿ. ಬರೆಯಬೇಡಿ ಎನ್ನಿಸಿಕೊಂಡವರಿಗೆ ಐದು ದಿನಕ್ಕೊಂದು, ಮನಸ್ಸು ಬಂದಾಗ ಬರೆದವರಿಗೆ ಎರಡು ದಿನಕ್ಕೊಂದು ಹೊಸ ಹೊಳಹು ಸಿಕ್ಕಿದರೆ, ಕಟ್ಟುಪಾಡಿನವರಿಗೆ ದಿನಕ್ಕೊಂದರಂತೆ ಸಿಕ್ಕಿತು. ಸ್ಫೂರ್ತಿ ಬಂದಮೇಲೆ ಬರೆಯುವುದು ಎಂಬ ಕ್ರಮವನ್ನು ಈ ಫಲಿತಾಂಶ ತಿರುವುಹಾಕುತ್ತದೆ. ಬರೆಯಲು ಕೂತಲ್ಲಿಗೆ ಸ್ಫೂರ್ತಿ ಬಂದಿದೆ. 27 ಮಂದಿ ಎಂಬುದು ಸಣ್ಣ ಸಂಖ್ಯೆ; ಅವರು ಬರೆಯುತ್ತಿದ್ದದ್ದು ಶಾಸ್ತ್ರಲೇಖನಗಳು, ಕತೆ ಕವಿತೆಗಳಲ್ಲ. ಹಾಗಾಗಿ ಇದನ್ನು ಅಂತಿಮ ತೀರ್ಪು ಎಂದು ನಾನು ಹೇಳಲಾರೆ. ಆದರೆ 1997ರಲ್ಲಿ ಅವರೇ ಇನ್ನೊಂದು ಹೋಲಿಕೆ ಪ್ರಕಟಿಸಿದರು. ಆವೇಶದಲ್ಲಿ ಗಂಟೆಗಟ್ಟಲೆ ಬರೆದು ಆಮೇಲೆ ದಿನಗಟ್ಟಲೆ ಬಿಡುವವರಿಗಿಂತ, ದಿನವೂ ಮಿತವಾಗಿ ಬರೆಯುವವರು ಒಟ್ಟಿನಲ್ಲಿ ಹೆಚ್ಚು ಬರೆದಿದ್ದರು. ಖಿನ್ನತೆಯ ಅಳತೆಯಲ್ಲಿ ಮೇಲಿದ್ದವರು ಆವೇಶದವರೇ. ಒತ್ತಡ ಮತ್ತು ಫಲ ಎರಡರ ಲೆಕ್ಕವೂ ಇಲ್ಲಿ ಒಂದೇ ಕಡೆಗೆ ವಾಲಿದೆ.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಕಾವ್ಯಕ್ಕೆ ಮೂಲ ಪ್ರತಿಭೆ. ಅದನ್ನು ಗಂಟೆಗೆ ಕಟ್ಟಿಹಾಕಲು ಆಗುತ್ತದೆಯೇ? ಶಿವರಾಮ ಕಾರಂತರು ಕಾದಂಬರಿಗಳನ್ನು ಕೆಲವೇ ದಿನಗಳಲ್ಲಿ ಒಂದೇ ಓಟದಲ್ಲಿ ಬರೆದು ಮುಗಿಸುತ್ತಿದ್ದರಲ್ಲ? ಹೌದು, ಅದು ನಿಜ. ಆದರೆ ಅದೇ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕಟ್ಟಿದವರು. ಅಂಥ ವಿಶ್ವಕೋಶದ ಕೆಲಸ ಓಟದಲ್ಲಿ ಆಗುವಂಥದ್ದಲ್ಲ. ವರ್ಷಾನುಗಟ್ಟಲೆ ಓದಿ, ತಿರುಗಿ, ಟಿಪ್ಪಣಿ ಮಾಡಿ ಪಳಗಿದ ಕೈಗೆ ಕಾದಂಬರಿ ಕೆಲವು ದಿನಗಳಲ್ಲಿ ಬಂದರೆ, ಆ ದಿನಗಳನ್ನಷ್ಟೇ ಎಣಿಸುವುದು ಸರಿಯಲ್ಲ. ಪ್ರತಿಭೆಯ ಬಗ್ಗೆ ನಮ್ಮ ಮೀಮಾಂಸಕರ ನಿಲುವೂ ಇದಕ್ಕೆ ಹೊರತಲ್ಲ. ಕಾವ್ಯಮೀಮಾಂಸಕ ಮಮ್ಮಟ ಶಕ್ತಿ, ನಿಪುಣತೆ, ಅಭ್ಯಾಸ ಮೂರನ್ನೂ ಹೇಳಿ, ಅವು ಮೂರು ಬೇರೆ ಬೇರೆ ಕಾರಣಗಳಲ್ಲ, ಒಟ್ಟಾಗಿ ಒಂದೇ ಕಾರಣ ಎಂದ. ಅಭ್ಯಾಸವನ್ನು ಕಿತ್ತುಹಾಕಿದರೆ ಉಳಿದದ್ದು ಕಾರಣವಾಗಿ ನಿಲ್ಲುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಬರವಣಿಗೆ ಸರಾಗವಾಗಿ ಹರಿಯುತ್ತಿರುವಾಗ ಹೊತ್ತಾಯಿತೆಂದು ಏಳುವುದು ಮೂರ್ಖತನವಲ್ಲವೇ? ಈ ಪ್ರಶ್ನೆಗೆ ಹೆಮಿಂಗ್ವೇಯ ಅಭ್ಯಾಸ ಒಳ್ಳೆಯ ಉತ್ತರ. ಮುಂದೇನಾಗುತ್ತದೆ ಎಂದು ಗೊತ್ತಿರುವಾಗಲೇ ಆತ ಆ ದಿನದ ಬರವಣಿಗೆ ನಿಲ್ಲಿಸುತ್ತಿದ್ದ, ಬತ್ತಿಹೋಗುವವರೆಗೆ ಬರೆಯುತ್ತಿರಲಿಲ್ಲ. ಬತ್ತಿದ ಮೇಲೆ ಎದ್ದವರಿಗೆ ಮರುದಿನ ಖಾಲಿ ಹಾಳೆಯ ಮುಂದೆ ಕೂರಬೇಕಲ್ಲ ಎಂಬ ಭಯ ಹಿಂದಿನ ರಾತ್ರಿಯಿಂದಲೇ ಶುರುವಾಗುತ್ತದೆ. ಹರಿಯುತ್ತಿರುವಾಗ ಎದ್ದವರಿಗೆ ಮರುದಿನದ ಮೊದಲ ಸಾಲು ಆಗಲೇ ಕೈಯಲ್ಲಿರುತ್ತದೆ, ಆ ಬೆಳಗಿಗಾಗಿ ಮನಸ್ಸು ಕಾಯುತ್ತದೆ. ಒಂದು ದಿನದ ಹರಿವನ್ನು ಬಿಟ್ಟುಕೊಟ್ಟು ನೂರು ದಿನದ ಹರಿವನ್ನು ಉಳಿಸಿಕೊಳ್ಳುವ ಲೆಕ್ಕ ಇದು. ಎಂದಾದರೊಂದು ದಿನ ಅಳತೆ ಮೀರಿ ಬರೆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಮೀರುವುದೇ ರೂಢಿಯಾದಾಗ ಬಾಕಿಯ ಲೆಕ್ಕ ಮತ್ತೆ ತೆರೆದುಕೊಳ್ಳುತ್ತದೆ.

ನೌಕರಿ, ಮನೆ, ಮಕ್ಕಳ ನಡುವೆ ನಮಗೆ ಹೊತ್ತೆಲ್ಲಿ ಎಂದು ಕೇಳುವವರು ಬಹಳ. ಅವರ ಪ್ರಶ್ನೆಗೂ ರಾಜಶೇಖರನಲ್ಲಿ ಜಾಗವಿದೆ. ಬರೆಯುವ ಹೊತ್ತನ್ನು ನೋಡಿ ಅವನು ಕವಿಗಳಲ್ಲಿ ನಾಲ್ಕು ಬಗೆ ಮಾಡುತ್ತಾನೆ. ಸದಾ ಕಾವ್ಯದಲ್ಲೇ ಮುಳುಗಿ ಹೊರಗೆ ಬಾರದವನು ಒಬ್ಬ, ಮನಸ್ಸು ನೆಲೆಗೊಂಡಾಗ ಬರೆಯುವವನು ಒಬ್ಬ, ಸಂದರ್ಭಕ್ಕಾಗಿ ಬರೆಯುವವನು ಒಬ್ಬ. ಸೇವೆ ಮೊದಲಾದ ಕೆಲಸಗಳಿಗೆ ಅಡ್ಡಿಯಾಗದಂತೆ ಬಿಡುವಿನಲ್ಲಿ ಬರೆಯುವವನು ದತ್ತಾವಸರ. ಹೊಸಗನ್ನಡ ಸಾಹಿತ್ಯದ ದೊಡ್ಡ ಪಾಲನ್ನು ಈ ದತ್ತಾವಸರರೇ ಕಟ್ಟಿದ್ದಾರೆ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿ, ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರು, ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಗುಮಾಸ್ತರು. ಕುವೆಂಪು ಪಾಠ ಹೇಳುತ್ತಲೇ 1936ರಿಂದ 1946ರವರೆಗಿನ ಅವಧಿಯಲ್ಲಿ ‘ಶ್ರೀ ರಾಮಾಯಣ ದರ್ಶನಂ’ ರಚಿಸಿದರು. ಅದರಲ್ಲಿ 22,000ಕ್ಕೂ ಹೆಚ್ಚು ಸಾಲುಗಳಿವೆ. ಅವರು ದಿನವೂ ತಪ್ಪದೆ ಬರೆದರೆಂದು ನಾನು ಹೇಳುತ್ತಿಲ್ಲ. ಆದರೂ ಆ ಸಾಲುಗಳನ್ನು ಆ ವರ್ಷಗಳ ದಿನಗಳಿಗೆ ಹಂಚಿದರೆ ದಿನಕ್ಕೆ ಆರೇಳು ಸಾಲಾಗುತ್ತದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಮಹಾಕಾವ್ಯದ ಸರಾಸರಿ ಇದು. ದಿನಕ್ಕೆ ಅರ್ಧ ಪುಟ ಬರೆದು ನಾಚಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಬೇಕು. ಹೊತ್ತು ಸಿಗದಿರುವುದು ಎಲ್ಲರಿಗೂ ಒಂದೇ ತೆರನಲ್ಲ ಎಂಬುದನ್ನೂ ಮರೆಯಬಾರದು. ಬೆಳಗಿನ ಐದೂವರೆ ಟ್ರೊಲೊಪ್‌ಗೆ ಕಾಫಿ ಬರುವ ಹೊತ್ತಾಗಿತ್ತು. ನಮ್ಮ ಎಷ್ಟೋ ಲೇಖಕಿಯರಿಗೆ ಅದು ಮನೆಮಂದಿಗೆಲ್ಲ ಕಾಫಿ ಕಾಸುವ ಹೊತ್ತು. ಮನೆಯಲ್ಲಿ ಬರೆಯುವ ಹೆಂಗಸೊಬ್ಬರಿದ್ದರೆ ದಿನಕ್ಕೆ ಮುಕ್ಕಾಲು ಗಂಟೆ ಅವರನ್ನು ಯಾರೂ ಕರೆಯದಿರುವಂತೆ ನೋಡಿಕೊಳ್ಳುವುದು ಉಳಿದವರ ಕರ್ತವ್ಯ. ಇದನ್ನು ಆ ಲೇಖಕಿಯ ಶಿಸ್ತಿನ ಪ್ರಶ್ನೆ ಎಂದು ಕರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಈ ಕ್ರಮಕ್ಕೂ ಮಿತಿಯಿದೆ. ಬರಹದಿಂದಲೇ ಬದುಕಬೇಕಾದವರ ಹಣದ ಚಿಂತೆ ದಿನಚರಿಯಿಂದ ಕರಗುವುದಿಲ್ಲ. ಅದಕ್ಕೆ ಸರಿಯಾದ ಸಂಭಾವನೆಯೇ ಬೇಕು, ಅದೂ ಹೊತ್ತಿಗೆ ಸರಿಯಾಗಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬರವಣಿಗೆಯಷ್ಟೇ ಅಲ್ಲ ಊಟ, ಮಾತು, ಹಾಡು ಯಾವುದೂ ರುಚಿಸದೆ ಹೋದರೆ, ಅದು ಬರಹಗಾರರ ಒತ್ತಡವಲ್ಲ, ಕಾಯಿಲೆ. ಆಗ ಹೋಗಬೇಕಾದದ್ದು ವೈದ್ಯರ ಬಳಿಗೆ. ರಾಜಶೇಖರ ಸ್ವಾಸ್ಥ್ಯವನ್ನು ಮೊದಲ ತಾಯಿ ಎಂದದ್ದಕ್ಕೆ ಅರ್ಥವಿದೆ.

ಕೊನೆಯದಾಗಿ ಪತ್ರಿಕೆಗಳ ಸಂಪಾದಕರಲ್ಲಿ ಒಂದು ವಿನಂತಿ. ಗಡುವು ತಾನಾಗಿ ಕೆಟ್ಟದ್ದಲ್ಲ. ವಾರವಾರದ ಗಡುವು ಲೇಖಕರಿಗೆ ಎಷ್ಟು ಒಳ್ಳೆಯದು ಮಾಡಬಲ್ಲದು ಎಂಬುದಕ್ಕೆ ಲಂಕೇಶರು ತಮ್ಮ ಪತ್ರಿಕೆಯ ಪುಟಗಳಲ್ಲೇ ಬೆಳೆಸಿದ ನೀಲು ಪದ್ಯಗಳು ಸಾಕ್ಷಿಯಾಗಿವೆ. ಅದು ಮುಂಚಿತವಾಗಿ ಗೊತ್ತಿದ್ದ, ಚಿಕ್ಕ ಅಳತೆಯ, ಮತ್ತೆ ಮತ್ತೆ ಬರುವ ಗಡುವು. ದೀಪಾವಳಿ ವಿಶೇಷಾಂಕಕ್ಕೆ ಮೂರು ವಾರವಿರುವಾಗ ಫೋನು ಮಾಡಿ ನೀಳ್ಗತೆ ಕೇಳುವುದು ಬೇರೆಯೇ ಸಂಗತಿ. ಅಲ್ಲಿ ಹುಟ್ಟುವುದು ಹತ್ತು ರಾತ್ರಿಗಳ ನಿದ್ದೆಗೇಡು ಮತ್ತು ಇನ್ನೊಮ್ಮೆ ಓದಿ ತಿದ್ದಲು ಪುರುಸೊತ್ತು ಸಿಗದ ಕತೆ. ದೀಪಾವಳಿ ಯಾವಾಗ ಬರುತ್ತದೆಂದು ಯುಗಾದಿಯ ಹೊಸ ಪಂಚಾಂಗ ಬಿಚ್ಚಿದ ದಿನವೇ ಗೊತ್ತಾಗುತ್ತದೆ. ವಿಶೇಷಾಂಕದ ಕತೆಗಳನ್ನು ಯುಗಾದಿಗೇ ಕೇಳಿಬಿಡಿ.